ಕೊಯ್ದ ಎಂಜಿನ್

"ನನ್ನ ಮಗಳನ್ನೂ ಇಲ್ಲಿಗೇ ಸೇರಿಸ್ತಿದ್ದೀನಿ" ಎಂದು ಅವನು ಹೇಳಿದ್ದೇ ತಡ, ಎದುರಿಗೆ ಕೂತಿದ್ದ ತಂದೆಯೊಬ್ಬನ ಮುಖದ ಬಿಗಿ ಸಡಿಲಾಯಿತು. ಅಷ್ಟು ಹೊತ್ತೂ ತೊಡೆಯ ಮೇಲೆ ಅವುಚಿಕೊಂಡಿದ್ದ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ.

"ಹಾಗಾದ್ರೆ ಸರಿ ಬಿಡಿ ಸರ್."

ಲ್ಯಾಬಿನ ಚಿತ್ರಗಳು, ಹೋದ ವರ್ಷದ ಫಲಿತಾಂಶ, ಕೆಲಸ ಸಿಕ್ಕವರ ನಗುಮುಖಗಳು, ಯಾವುದರಿಂದಲೂ ಆಗದ್ದು ಆ ಒಂದು ವಾಕ್ಯದಿಂದ ಆಗುತ್ತಿತ್ತು.

ವಾಕ್ಯ ಅವನದಲ್ಲ, ಪ್ರಿನ್ಸಿಪಾಲರದು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಪಾಠ ಹೇಳಿಕೊಟ್ಟಿದ್ದರು: "ಜನ ಸುತ್ತಿಬಳಸಿ ಕೊನೆಗೆ ಕೇಳೋದು ಒಂದೇ. ನಿಮ್ಮ ಮಕ್ಕಳನ್ನ ಇಲ್ಲಿ ಓದಿಸ್ತೀರಾ ಅಂತ. ಹೂಂ ಅನ್ನಿ." ಗಣಿತದ ಮೇಷ್ಟ್ರು ತನಗಿನ್ನೂ ಮದುವೆಯೇ ಆಗಿಲ್ಲ ಎಂದಾಗ, "ಇವತ್ತೊಂದು ದಿನ ಆಗಿದೆ ಅನ್ಕೊಳ್ಳಿ" ಎಂದಿದ್ದರು. ಈಗ ಪಕ್ಕದ ಕುರ್ಚಿಯಲ್ಲಿ ಆ ಬ್ರಹ್ಮಚಾರಿ ಅವಳಿ ಗಂಡುಮಕ್ಕಳ ತಂದೆಯಾಗಿದ್ದ. ಇಬ್ಬರೂ ಮೆಕ್ಯಾನಿಕಲ್ಲು.

ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳೆಲ್ಲ ಒಂದೇ ಸಭಾಂಗಣದಲ್ಲಿ ಸಂತೆ ಹೂಡಿದ್ದವು. ರಾಜ್ಯದ ಉತ್ತರ ತುದಿಯ ಕಾಲೇಜಿಗೂ ದಕ್ಷಿಣ ತುದಿಯದಕ್ಕೂ ನಡುವೆ ಒಂದು ಪ್ಲೈವುಡ್ ಹಲಗೆ. ಮಕ್ಕಳು ತಮಗೆ ಬೇಕಾದ ಕಾಲೇಜುಗಳನ್ನು ಸಂಜೆಯೊಳಗೆ ಫೋನಿನಲ್ಲಿ ಸಾಲಾಗಿ ಆರಿಸಿ ಲಾಕ್ ಮಾಡಬೇಕು. ಆಮೇಲೆ ದೇವರು ಬಂದರೂ ಬದಲಿಸುವಂತಿಲ್ಲ.

ಅವನ ಮೇಜಿನ ಮೇಲೆ ಒಂದು ಎಂಜಿನ್ ಇತ್ತು. ಒಳಗಿರುವುದೆಲ್ಲ ಕಾಣಲೆಂದು ನಡುವೆ ಕೊಯ್ದು, ಕೆಂಪು ನೀಲಿ ಬಣ್ಣ ಬಳಿದದ್ದು. ಪಕ್ಕದ ಹಿಡಿ ತಿರುಗಿಸಿದರೆ ಪಿಸ್ಟನ್ ಏರಿಳಿಯುತ್ತಿತ್ತು. ಹದಿನೆಂಟು ವರ್ಷದಿಂದ ಅವನು ಅದನ್ನೇ ತಿರುಗಿಸಿ ಪಾಠ ಮಾಡುತ್ತಿದ್ದ.

ಹದಿನೆಂಟು ವರ್ಷವೂ ಮನೆಯಲ್ಲಿ ಕಾಲೇಜನ್ನು ನಂಚಿಕೊಂಡೇ ರಾತ್ರಿಯ ಊಟ ಮಾಡಿದ್ದ. ಮೇಲೆ ಹತ್ತಿದರೆ ಕೆಳಗೆ ಇಳಿಯದ ಲಿಫ್ಟು. ಬೀಗದ ಕೈ ಕಳೆದುಹೋದದ್ದರಿಂದ ಒಂದೂ ಪುಸ್ತಕ ಕಳೆದುಹೋಗದ ಲೈಬ್ರರಿ. "ಅನ್ನ ಹಾಕೋ ಜಾಗ ಕಣ್ರೀ" ಎಂದು ಹೆಂಡತಿ ಗದರುತ್ತಿದ್ದಳು. ಮಗಳು ಮಾತ್ರ ತುತ್ತು ಗಂಟಲಿಗೆ ಸಿಕ್ಕುವಂತೆ ನಗುತ್ತಿದ್ದಳು. ಅವನ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡ ವಿದ್ಯಾರ್ಥಿನಿ ಅವಳೊಬ್ಬಳೇ.

ಈ ವರ್ಷ ಮಗಳೂ ಎಂಜಿನಿಯರಿಂಗ್ ಸೇರುವವಳು. ಓದಲು ರಾಜ್ಯ ದಾಟಬಾರದು ಎಂದು ಹೆಂಡತಿ ಕಟ್ಟಪ್ಪಣೆ ಮಾಡಿದ್ದಳು. ಮಗಳು ದಾಟಲಿಲ್ಲ. ಹಾಸ್ಟೆಲಿನ ಹಿತ್ತಲ ಗೋಡೆ ಹಾರಿದರೆ ಪಕ್ಕದ ರಾಜ್ಯ, ಅಂಥ ಕಾಲೇಜೊಂದನ್ನು ಹುಡುಕಿ ಇಟ್ಟುಕೊಂಡಳು. ಅದು, ಇಲ್ಲವೇ ಅಪ್ಪನದು. ಎರಡೂ ಸಿಗುವಷ್ಟು ಅಂಕ ಇತ್ತು.

"ಮೊದಲನೇದು ಯಾವುದು ಹಾಕ್ಲಪ್ಪ?" ಎಂದು ನಿನ್ನೆ ಕೇಳಿದ್ದಳು.

"ಎರಡರಲ್ಲೂ ಅನುಕೂಲ ಇದೆ, ಅನಾನುಕೂಲ ಇದೆ."

"ಅಡ್ಡಗೋಡೆ ಮೇಲೆ ದೀಪ ಇಡೋದ್ರಲ್ಲಿ ನಿಮ್ಮಪ್ಪನ್ನ ಮೀರಿಸೋರಿಲ್ಲ" ಎಂದಳು ಹೆಂಡತಿ.

ಮಗಳೇ ಬಾಯಿಬಿಟ್ಟು, ನಿನ್ನ ಕಾಲೇಜಿಗೇ ಬರ್ತೀನಪ್ಪ ಅನ್ನಲಿ, ಒಂದೇ ಒಂದು ಸಲ ಅನ್ನಲಿ ಎಂದು ಅವನು ಕಾದ. ಅವಳು ಹಾಗೆ ಅಂದರೆ ತಾನೇನು ಹೇಳಬೇಕೆಂಬುದನ್ನು ಯೋಚಿಸಿರಲಿಲ್ಲ. ಅವಳು ಅನ್ನಲಿಲ್ಲವಾದ್ದರಿಂದ ಯೋಚಿಸುವ ಪ್ರಸಂಗವೂ ಬರಲಿಲ್ಲ.

ಹೆಲ್ಮೆಟ್ಟಿನವನು ಎದ್ದುಹೋದ. ಅವನ ಬೆನ್ನ ಹಿಂದೆ, ಸಾಲಿನಲ್ಲಿ, ಮಗಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಅವಳು ಬಂದು ಕುರ್ಚಿಯಲ್ಲಿ ಕೂತಳು. ಅದೇ ಹೊತ್ತಿಗೆ ಪ್ರಿನ್ಸಿಪಾಲರೂ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು. ಹೋದ ತಿಂಗಳು ಸೇರಿದವರು. ಯಾರ ಮಗಳು ಯಾರೆಂದು ಗೊತ್ತಿಲ್ಲ.

"ಕೇಳಮ್ಮ. ಏನಿದ್ರೂ ಸಂಕೋಚ ಇಲ್ಲದೆ ಕೇಳು."

"ಸರ್" ಎಂದಳು ಮಗಳು, ಅಪ್ಪನನ್ನೇ ನೋಡುತ್ತ. "ನಿಮ್ಮ ಮಗಳು ಇಲ್ಲಿಗೇ ಸೇರ್ತಿದ್ದಾಳಂತೆ. ಅವಳೇ ಆರಿಸಿಕೊಂಡಿದ್ದಾ?"

"ಹೂಂ" ಎಂದ.

"ಹಠ ಹಿಡಿದು" ಎಂದು ಪ್ರಿನ್ಸಿಪಾಲರು ಸೇರಿಸಿದರು.

"ಮನೇಲಿ ಕಾಲೇಜಿನ ಬಗ್ಗೆ ನೀವೇನು ಹೇಳ್ತೀರಿ ಸರ್?"

"ಒಳ್ಳೇದೇ ಹೇಳ್ತೀನಿ."

"ಲಿಫ್ಟ್ ಇದೆಯಾ?"

"ಇದೆ."

"ಇಳಿಯುತ್ತಾ?"

ಪ್ರಿನ್ಸಿಪಾಲರು ನಕ್ಕರು, ಯಾಕೆಂದು ತಿಳಿಯದೆ. ಅವನಿಗೂ ನಗು ಬಂತು. ಊಟದ ಮೇಜಿನ ನಗು. ಆದರೆ ಅವಳು ನಗುತ್ತಿರಲಿಲ್ಲ.

"ಇನ್ನೊಂದೇ ಒಂದು ಸರ್. ಅವಳು ದೂರ ಹೋದ್ರೆ ನಿಮಗೆ ಬೇಜಾರಾಗುತ್ತಾ?"

ಪ್ಲೈವುಡ್ಡಿನಾಚೆ ಯಾರೋ ಯಾರಿಗೋ ಭವಿಷ್ಯ ವಿವರಿಸುತ್ತಿದ್ದರು. ಹೆಗಲ ಮೇಲಿನ ಕೈ ಸ್ವಲ್ಪ ಒತ್ತಿತು. ಉತ್ತರ ಅವನಿಗೆ ಗೊತ್ತಿತ್ತು. ಬಾಯಿ ತೆರೆದ.

"ನಮ್ಮಲ್ಲಿ ಹಾಸ್ಟೆಲ್ ಸೌಕರ್ಯವೂ ಇದೆ" ಎಂದ.

ಮಗಳು ತಲೆಯಾಡಿಸಿದಳು. ಎಂಜಿನ್ನಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದಳು.

"ಇದು ಓಡುತ್ತಾ ಸರ್?"

"ತಿರುಗುತ್ತೆ."

"ಥ್ಯಾಂಕ್ಸ್" ಎಂದು ಎದ್ದು ಹೋದಳು.

"ಚುರುಕಿದ್ದಾಳೆ" ಎಂದರು ಪ್ರಿನ್ಸಿಪಾಲರು. "ಇಂಥವರು ಬೇಕು ನಮಗೆ. ನಂಬರ್ ತಗೊಂಡ್ರಾ?"

ಅವನು ತನ್ನ ಮನೆಯ ನಂಬರನ್ನು ಬರೆದುಕೊಟ್ಟ.

ಸಂಜೆ ಹಲಗೆಗಳನ್ನು ಬಿಚ್ಚಿದಾಗ ರಾಜ್ಯವೆಲ್ಲ ಮತ್ತೆ ಒಂದು ಖಾಲಿ ಸಭಾಂಗಣ. ಕಾಲೇಜಿನ ವ್ಯಾನಿನ ಹಿಂಬದಿ ಬ್ಯಾನರುಗಳಿಂದ ತುಂಬಿತ್ತಾದ್ದರಿಂದ ಎಂಜಿನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗೇಟಿನ ಹತ್ತಿರ ಕಾಯುತ್ತಿದ್ದ ಮಗಳು ಹತ್ತಿ ಪಕ್ಕದಲ್ಲಿ ಕೂತಳು.

"ಇದು ಕೆಟ್ಟೋಗಿದ್ಯಾ ಸರ್?" ಎಂದ ಡ್ರೈವರ್, ಕನ್ನಡಿಯಲ್ಲಿ ನೋಡಿ.

"ಇಲ್ಲ. ಇದು ಇರೋದೇ ಹೀಗೆ."

ವ್ಯಾನು ಹೊರಟಿತು.

"ಲಾಕ್ ಮಾಡ್ದೆ" ಎಂದಳು ಮಗಳು.

"ಒಳ್ಳೇದಾಯ್ತು."

"ಮೊದಲನೇದು ಯಾವುದು ಅಂತ ಕೇಳಲ್ವಾ?"

ಕೇಳಬಹುದಿತ್ತು. ಅವಳು ಅವನತ್ತ ತಿರುಗಿಯೂ ಕೂತಿದ್ದಳು.

"ಮಧ್ಯಾಹ್ನ ಊಟ ಮಾಡಿದ್ಯಾ?" ಎಂದ.

ಅವಳು ಕಿಟಕಿಯ ಕಡೆ ತಿರುಗಿದಳು.

"ಮಾಡ್ದೆ, ಸರ್."

ರಸ್ತೆಯುಬ್ಬು ಬಂತು. ತೊಡೆಯ ಮೇಲಿನ ಎಂಜಿನ್ ಕುಲುಕಿತು. ಹಿಡಿ ಯಾರೂ ಮುಟ್ಟದೆ ಅರ್ಧ ಸುತ್ತು ತಿರುಗಿತು. ನಿದ್ದೆಗೆಟ್ಟ ಮಗುವಿನ ಮೇಲೆಂಬಂತೆ ಅವನು ಅದರ ಮೇಲೆ ಅಂಗೈಯಿಟ್ಟ. ಮುಂದೆ ಇನ್ನೊಂದು ಉಬ್ಬು. ಬೆರಳುಗಳ ಕೆಳಗೆ ಪಿಸ್ಟನ್ ಇಳಿಯಿತು, ನೀಲಿ ಕವಾಟ ತೆರೆದುಕೊಂಡಿತು, ಏನನ್ನೂ ಒಳಗೆಳೆದುಕೊಳ್ಳದೆ ಮುಚ್ಚಿಕೊಂಡಿತು.