ಪೂಜೆಗಿಟ್ಟ ಬೂಚು

ನಿವೃತ್ತಿಯಾದವರು ಸೈಟು ಕೊಳ್ಳುತ್ತಾರೆ, ಇಲ್ಲವೇ ಕಾಶಿಗೆ ಹೋಗುತ್ತಾರೆ. ಮುದ್ದಮ್ಮನ ಗಂಡ ರೇವಣಸಿದ್ದ ಹಾಯಿದೋಣಿ ಕೊಂಡ. ಇಬ್ಬರು ಮಲಗುವಷ್ಟು ಪುಟ್ಟ ಕೋಣೆಯಿದ್ದ ಆ ದೋಣಿ ವಿದ್ಯಾರಣ್ಯಪುರಂನ ಅವರ ಮನೆಯ ಮುಂದೆ, ಕಾರು ನಿಲ್ಲಬೇಕಾದ ಜಾಗದಲ್ಲಿ, ಟ್ರೇಲರಿನ ಮೇಲೆ ಕೂತಿತ್ತು. "ಸಾರ್, ಬೆಟ್ಟಕ್ಕೂ ಇದರಲ್ಲೇ ಹೋಗ್ತೀರಾ?" ಎಂದು ಬೀದಿಯವರು ರೇಗಿಸಿದರೆ, ಮೂವತ್ತು ವರ್ಷ ಐಟಿಐ ಹುಡುಗರಿಗೆ ಪಾಠ ಹೇಳಿದ ಮನುಷ್ಯ ನಕ್ಕುಬಿಡುತ್ತಿದ್ದ. ವಾರಕ್ಕೊಮ್ಮೆ ಗೆಳೆಯ ಶಿವರಾಮುವಿನ ಜೀಪಿಗೆ ಅದನ್ನು ಕಟ್ಟಿಕೊಂಡು ಹಿನ್ನೀರಿಗೆ ಹೋಗುವುದು. ಆ ಇಬ್ಬರು ಮುದುಕರ ಸಂತೋಷ ನೋಡಿದರೆ ಯಾರಿಗಾದರೂ ಹೊಟ್ಟೆಕಿಚ್ಚಾಗಬೇಕು.

ದೋಣಿಯ ತಳದಲ್ಲಿ ಒಂದು ತೂತು. ಮನೆ ಮುಂದೆ ನಿಂತಾಗ ಮಳೆನೀರು ಹರಿದುಹೋಗಲೆಂದು ಅದರ ಹಿತ್ತಾಳೆ ಬೂಚನ್ನು ಬಿಚ್ಚಿಡುತ್ತಿದ್ದ. ನೀರಿಗಿಳಿಸುವ ಮುಂಚೆ ತಿರುಗಿಸಿ ಬಿಗಿಯುತ್ತಿದ್ದ. ಆಯುಧಪೂಜೆಯ ದಿನ ಮುದ್ದಮ್ಮ ಸ್ಪ್ಯಾನರು, ಸುತ್ತಿಗೆ, ಅರಗಳ ಜೊತೆ ಆ ಬೂಚನ್ನೂ ಹುಣಸೇಹಣ್ಣು ಹಾಕಿ ಬೆಳಗಿ, ಕುಂಕುಮವಿಟ್ಟು, ಚಾಮುಂಡಿಯ ಪಟದ ಮುಂದಿಟ್ಟಳು.

ಮಾರನೆಯ ಬೆಳಿಗ್ಗೆ ಊರೆಲ್ಲ ಜಂಬೂಸವಾರಿ ನೋಡಲು ಜಾಗ ಹಿಡಿಯುತ್ತಿದ್ದಾಗ ಗೆಳೆಯರಿಬ್ಬರೂ ಹಿನ್ನೀರಿಗೆ ಹೊರಟರು. ರೇವಣಸಿದ್ದ ಬೂಚಿನತ್ತ ಕೈಚಾಚಿದ.

"ಮುಟ್ಟಬೇಡಿ ಕಣ್ರೀ! ಇನ್ನೂ ಮರುಪೂಜೆ ಆಗಿಲ್ಲ. ಪೂಜೆಗಿಟ್ಟಿದ್ದನ್ನ ಎತ್ತಬಾರ್ದು ಅಂತ ಗೊತ್ತಿಲ್ವಾ?"

"ಅದಿಲ್ದೆ ದೋಣಿ ಇಳಿಸೋದು ಎಂಗೆ?"

"ಇವತ್ತೊಂದಿನ ಇನ್ನೇನಾದ್ರೂ ತುರುಕ್ಕೊಳ್ಳಿ."

ಅವಳ ಮುಖ ನೋಡಿ ಅವನು ಕೈ ಹಿಂತೆಗೆದ. ಮರದ ತುಂಡೊಂದನ್ನು ಕೆತ್ತಿ, ಬಟ್ಟೆ ಸುತ್ತಿ, ತೂತಿಗೆ ಬಡಿದ. "ಲೋ ಶಿವರಾಮು, ನಿನ್ನ ತೇಲೋ ಜಾಕೆಟ್ಟೆಲ್ಲೋ?" ಎಂದು ಅವನು ಕೇಳಿದ್ದು, "ಮನೇಲೈತೆ, ನಡಿಯೋ, ಗಾಳಿ ನಿಂತೋಯ್ತದೆ" ಎಂದು ಶಿವರಾಮು ಅವಸರ ಮಾಡಿದ್ದು ಮುದ್ದಮ್ಮನ ಕಿವಿಗೆ ಬಿತ್ತು.

ಸಂಜೆ ಶಿವರಾಮುವಿನ ಹೆಣ ಬಂತು. ನಡುನೀರಿನಲ್ಲಿ ಮರದ ತುಂಡು ಕಿತ್ತುಬಂದಿತ್ತು. ತಳದಲ್ಲಿ ನೀರು ತುಂಬಿದ್ದು ಗೊತ್ತಾಗುವಷ್ಟರಲ್ಲಿ ಬಿರುಸಾದ ಗಾಳಿಗೆ ದೋಣಿ ಮಗುಚಿತು. ರೇವಣಸಿದ್ದ ಈಜಿ ದಡ ಸೇರಿದ. ಶಿವರಾಮುವಿಗೆ ಈಜು ಬರುತ್ತಿರಲಿಲ್ಲ.

"ಬೂಚು ಯಾಕಣ್ಣ ಹಾಕಲಿಲ್ಲ?" ಶಿವರಾಮುವಿನ ಹೆಂಡತಿ ಸುಮಾ ಪೊಲೀಸರೆದುರೇ ರೇವಣಸಿದ್ದನ ಅಂಗಿ ಹಿಡಿದಳು.

"ಮರೆತ್ಬುಟ್ಟೆ ಕಣಮ್ಮ. ನಂದೇ ತಪ್ಪು."

ಪೂಜೆಯ ಮಾತನ್ನು ಮುದ್ದಮ್ಮ ಹೊರಗೆಡಹಲಿಲ್ಲ. ಅಂದಿನಿಂದ ಬೀದಿಯವರ ಪಾಲಿಗೆ ರೇವಣಸಿದ್ದ ಗೆಳೆಯನನ್ನು ಮುಳುಗಿಸಿದವನಾದ. ಅವನು ಮನೆಯಲ್ಲೂ ಆ ಮಾತೆತ್ತಲಿಲ್ಲ, ಸರಿಯಾಗಿ ಉಣ್ಣಲೂ ಇಲ್ಲ. ಒಂದು ಸಲ ಬಾಯಿತುಂಬ ಬೈದಿದ್ದರೂ ಅವಳು ಬದುಕಿಕೊಳ್ಳುತ್ತಿದ್ದಳು.

ತಿಥಿ ಮುಗಿದ ಮರುದಿನ ಅವಳು ಕುಂಕುಮ ಅಳಿಸದ ಆ ಬೂಚನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಸರಸ್ವತಿಪುರಂನ ಸುಮಾಳ ಮನೆಗೆ ಬಸ್ಸು ಹತ್ತಿದಳು.

"ಅವರು ಮರೀಲಿಲ್ಲ ಕಣೆ ಸುಮಾ. ನಾನೇ ಪೂಜೆಗಿಟ್ಟಿದ್ದೆ. ಮುಟ್ಟಬೇಡಿ ಅಂದ್ಬುಟ್ಟೆ."

ಸುಮಾ ಹೊಡೆಯುತ್ತಾಳೆಂದು ಮುದ್ದಮ್ಮ ಕಾದಳು, ಹೊಡೆದರೆ ಸಾಕಾಗಿತ್ತು. ಸುಮಾ ಬೂಚನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ವಾಪಸು ಕೊಟ್ಟಳು. ಎದ್ದು ಹೋಗಿ ಒಳಕೋಣೆಯ ಬಾಗಿಲು ತೆರೆದಳು. ದೇವರ ಪಟದ ಮುಂದೆ, ಒಣಗಿದ ಚೆಂಡುಹೂವಿನ ಅಡಿಯಲ್ಲಿ, ಶಿವರಾಮುವಿನ ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟಿತ್ತು. ಅದರ ಎದೆಯ ಮೇಲೆ ಕುಂಕುಮದ ಬೊಟ್ಟು.

"ನಾನೂ ಎತ್ತಕ್ಕೆ ಬುಡಲಿಲ್ಲ ಕಣಕ್ಕ. ಯಾರ್ಗೂ ಹೇಳಿಲ್ಲ."

ಮುದ್ದಮ್ಮ ಬೂಚನ್ನು ಅದರ ಪಕ್ಕದಲ್ಲಿಟ್ಟಳು.