ಕಪ್ಪು ಪುಡಿ ತೊಳೆದ ನೀರು

ಪುಟ್ಟತಾಯಮ್ಮನ ಬೆರಳ ತುದಿಗಳು ಸದಾ ಕಪ್ಪಗಿರುತ್ತಿದ್ದವು. ನಮ್ಮ ಪ್ರಯೋಗಾಲಯದ ಪಾತ್ರೆ ತೊಳೆಯುತ್ತಿದ್ದ ಅವರು ಎಷ್ಟು ಸೋಪು ಹಚ್ಚಿ ಉಜ್ಜಿದರೂ ಆ ಕಪ್ಪು ಬಿಡುತ್ತಿರಲಿಲ್ಲ. ಅದು ನನ್ನ ಪಿಎಚ್.ಡಿ.ಯ ಕಪ್ಪು: ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳ ಪುಡಿ. ಅದನ್ನು ಆಮ್ಲದಲ್ಲಿ ನೆನೆಸಿ, ತೊಳೆದು, ಮೇಲೆ ತಾಮ್ರದ ಆಕ್ಸೈಡಿನ ನ್ಯಾನೋಕಣಗಳನ್ನು ಕೂರಿಸಿದರೆ ಹೊಗೆಯ ವಿಷಾನಿಲವನ್ನು ಸಾಧುವಾಗಿಸುವ ವೇಗವರ್ಧಕ ಸಿದ್ಧ. ಸಿದ್ಧವಾಗಬೇಕು, ಅಷ್ಟೆ. ಮೂರು ವರ್ಷ ಅದು ನನ್ನ ಮಾತು ಕೇಳಲಿಲ್ಲ.

ಒಮ್ಮೆ ಮಾತ್ರ ಕೇಳಿತು. ಏಳನೆಯ ಸಲ ಮಾಡಿದ ಪುಡಿ ನೂರು ಡಿಗ್ರಿಯೊಳಗೇ ವಿಷಾನಿಲವನ್ನೆಲ್ಲ ಮುಗಿಸಿತು. ಕುಣಿದಾಡಿಬಿಟ್ಟೆ. ಆಮೇಲೆ ಎಷ್ಟು ಸಲ ಮಾಡಿದರೂ ಆ ಫಲಿತಾಂಶ ಮರಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಅಂಕಿ ತಿದ್ದಿದ್ದೀಯಾ?" ಎಂದು ನನ್ನ ಗೈಡ್ ಸುಬ್ಬಕೃಷ್ಣ ಸರ್ ಎಲ್ಲರೆದುರೇ ಕೇಳಿದರು. ಮೈಯೆಲ್ಲ ಉರಿದುಹೋಯಿತು.

ಪುಟ್ಟತಾಯಮ್ಮ ಸಿಂಕಿನಿಂದ ತಿರುಗಿದರು. "ಅವ್ರನ್ನ್ಯಾಕೆ ಬೈತೀರಾ ಸಾ? ಆವತ್ತು ಡಿಸ್ಟಿಲ್ ವಾಟರ್ ಮಿಷನ್ ಕೆಟ್ಟಿತ್ತು. ಕೊನೇ ಸಲ ಆ ಪುಡೀನ ನಾನೇ ಬೋರ್ ನೀರಲ್ಲಿ ತೊಳ್ದೆ. ಹೇಳಿದ್ರೆ ಕೆಲ್ಸ ಹೋಯ್ತದೆ ಅಂತ ಬಾಯ್ ಮುಚ್ಕೊಂಡಿದ್ದೆ."

ಮರುದಿನ ಬೋರ್‌ವೆಲ್ ನೀರಲ್ಲೇ ತೊಳೆದೆವು. ಪುಡಿ ಮತ್ತೆ ಮಾತು ಕೇಳಿತು. ಆ ಗಡಸು ನೀರಿನ ಯಾವುದೋ ಲವಣ ತಾಮ್ರಕ್ಕೆ ಒತ್ತಾಸೆಯಾಗಿತ್ತು.

ಸರ್ ಹಿಗ್ಗಿದರು. ಆದರೆ ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದರು. "ಲವಣವನ್ನ ನಾವೇ ಬೇಕಂತ ಸೇರಿಸಿದ್ವಿ ಅಂತ ಪ್ರಬಂಧದಲ್ಲಿ ಬರಿ. ಬೋರ್ ನೀರು, ಅಟೆಂಡರ್ ಅಂತೆಲ್ಲ ಬರೆದ್ರೆ ಜನ ನಗ್ತಾರೆ. ನಾನಂತೂ ಸೈನ್ ಹಾಕಲ್ಲ."

"ನಗಲಿ ಸರ್. ಸುಮ್ ಸುಮ್ನೆ ಕಳ್ಳಿ ಅನ್ನಿಸ್ಕೊಂಡಿದ್ದಾಯ್ತು. ಈಗ ನಿಜವಾಗ್ಲೂ ಕಳ್ಳಿ ಆಗಲ್ಲ."

ಎಂಟು ತಿಂಗಳು ಅವರು ಸಹಿ ಹಾಕಲಿಲ್ಲ. ನಾನೂ ಬೋರ್ ನೀರಿನ ಸಾಲು ಅಳಿಸಲಿಲ್ಲ. ಫೆಲೋಶಿಪ್ ನಿಂತಿತು, ಟ್ಯೂಷನ್ ಹೇಳಿಕೊಟ್ಟೆ. ಪ್ರತಿ ಸೋಮವಾರ ಅದೇ ಪ್ರಬಂಧವನ್ನು ಅವರ ಮೇಜಿನ ಮೇಲಿಟ್ಟು ಬರುತ್ತಿದ್ದೆ, ಅದು ಹಾಗೇ ವಾಪಸ್ಸು ಬರುತ್ತಿತ್ತು. ಹಟಮಾರಿ ಎಂದರು. ಹೌದು, ಹಟಮಾರಿಯೇ.

ಒಂದು ಸೋಮವಾರ ಪುಟ್ಟತಾಯಮ್ಮ ನನ್ನನ್ನು ತಡೆದರು. "ಮೇಡಮ್ಮೋರೆ, ನನ್ ಹೆಸ್ರು ಎಲ್ಲೈತೆ ತೋರ್ಸಿ."

ತೋರಿಸಿದೆ: 'ಕೊನೆಯ ತೊಳೆತ: ಬೋರ್‌ವೆಲ್ ನೀರು. ತೊಳೆದವರು: ಪುಟ್ಟತಾಯಮ್ಮ.' ಅವರು ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು. ಕಪ್ಪು ಗುರುತು ಬಿತ್ತು. "ಅಯ್ಯೋ" ಎಂದು ಸೆರಗಿನಿಂದ ಒರೆಸಲು ಹೋದವರ ಕೈ ಹಿಡಿದೆ.

ಆ ಪ್ರತಿಯನ್ನೇ ಸರ್ ಮೇಜಿನ ಮೇಲಿಟ್ಟು ಬಂದೆ. ಇಂದಿಗೂ ಗ್ರಂಥಾಲಯದಲ್ಲಿರುವುದು ಅದೇ: ಮೊದಲ ಪುಟದಲ್ಲಿ ಸರ್ ಕೊನೆಗೂ ಹಾಕಿದ ಸಹಿ, ನಲವತ್ತೊಂದನೆಯ ಪುಟದಲ್ಲಿ ಪುಟ್ಟತಾಯಮ್ಮನ ಬೆರಳು.