ಹನ್ನೊಂದು ಸಲ ಕಾಪಾಡಿದ ಕೋವಿ

ಊರಿನಲ್ಲಿ ಬಚ್ಚಪ್ಪಂದಿರು ಮೂವರು. ಅವರಲ್ಲಿ ಕೋವಿ ಬಚ್ಚಪ್ಪ ಒಬ್ಬನೇ. ಅಪ್ಪನ ಕಾಲದ ಆ ಒಂಟಿ ನಳಿಗೆಯ ಕೋವಿ ಹೋದರೆ, ಡೇರಿಗೆ ಹಾಲು ಹಾಕುವ ಸಾಲಿನಲ್ಲಿ ಅವನು ಬರೀ ಮೂರನೆಯ ಬಚ್ಚಪ್ಪ.

ಪರವಾನಗಿ ನವೀಕರಣಕ್ಕೆ ಹೋದಾಗ ಠಾಣೆಯವರು ಕೇಳಿದ್ದು ಒಂದೇ ಅಂಕಿ: ಐದು ವರ್ಷಗಳಲ್ಲಿ ಆತ್ಮರಕ್ಷಣೆಗೆ ಕೋವಿ ಎಷ್ಟು ಸಲ ಒದಗಿತು? ದಿನಾಂಕ ಸಹಿತ ಬರೆದು ತರಬೇಕು. ಸೊನ್ನೆ ಎಂದರೆ ಕೋವಿ ಏಕೆ ಎನ್ನುತ್ತಾರೆ. ನೂರು ಎಂದರೆ ದೂರು ಎಲ್ಲಿ ಎನ್ನುತ್ತಾರೆ. ಬಚ್ಚಪ್ಪನಿಗೆ ಊಟ ಸೇರದಾಯಿತು.

ನಂದಿದುರ್ಗ ಚಿನ್ನದ ಗಣಿಯಲ್ಲಿ ದುಡಿದ ಗೆಳೆಯ ಸೆಲ್ವರಾಜ್ ದಾರಿ ತೋರಿಸಿದ.

"ಗುಂಡು ಆರ್ಸಲೇಬೇಕಾ ಅಣ್ಣಾ? ತೋರ್ಸಿದ್ರೂ ಒಂದು ಲೆಕ್ಕ. ಬೆದರ್ಸಿದ್ರೂ ಒಂದು ಲೆಕ್ಕ."

ಹಾಗೆ ಕೂಡಿದಾಗ ಹನ್ನೊಂದಾಯಿತು. ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಿದ್ದಾಗ ಹೆಂಡತಿ ಮುನಿನಾರಾಯಣಮ್ಮ ತಡೆದಳು.

"ತೆಂಗಿನಕಾಯಿ ಕಳ್ಳ ಬಂದಿದ್ದು ಒಬ್ನೇ ಅಲ್ವೇನಯ್ಯಾ? ಇಲ್ಲಿ ನಾಲ್ಕು ಜನ ಅಂತ ನಾಲ್ಕು ಲೆಕ್ಕ ಐತೆ."

"ಒಬ್ನೇ. ನಾಲ್ಕು ಜನ ಅಂತ ಟೀ ಅಂಗಡೀಲಿ ಏಳಿದ್ದೆ."

"ಏಳಿದ್ದಕ್ಕೆಲ್ಲ ಒಂದೊಂದು ಅಂಕಿನಾ?"

ಮೂರು ಕಳೆದು ಎಂಟು ಉಳಿಯಿತು. ಎಂಟು ಮರ್ಯಾದಸ್ಥ ಸಂಖ್ಯೆಯೆಂದು ಬಚ್ಚಪ್ಪ ಸಮಾಧಾನಪಟ್ಟುಕೊಂಡ. ಮರುದಿನ ಪಟ್ಟಿ, ಗೋಣಿಚೀಲದಲ್ಲಿ ಸುತ್ತಿದ ಕೋವಿ, ಹೆಂಡತಿ ಮೂರರೊಂದಿಗೂ ಬಂಗಾರಪೇಟೆಯ ಬಸ್ಸು ಹತ್ತಿದ.

ಠಾಣೆಯ ರೈಟರ್ ಮುನಿರಾಜು ಪಟ್ಟಿಯನ್ನೂ ತನ್ನ ರಿಜಿಸ್ಟರನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳಾಡಿಸಿದ.

"ತಾತಾ, ಇದ್ರಾಗೆ ಐದು ಸಲ ಇಪ್ಪತ್ನಾಲ್ಕನೇ ಇಸ್ವಿ ಏಪ್ರಿಲ್, ಮೇ. ಆಗ ಎಲೆಕ್ಷನ್. ಊರೋರ ಕೋವಿಯೆಲ್ಲಾ ನಮ್ಮತ್ರ ಜಮಾ ಇದ್ವು. ಇಲ್ಲಿ ಬೀಗ ಆಕಿದ್ದ ಕೋವಿ ಅಲ್ಲಿ ಯಾರನ್ನ ಓಡಿಸ್ತು?"

ಬಚ್ಚಪ್ಪ ಗಂಟಲು ಸರಿಪಡಿಸಿಕೊಂಡ. "ಕೋವಿ ತತ್ತೀನಿ ಇರ್ರಲಾ ಅಂದೆ ಸಾರ್. ಓಡೋದ್ರು."

"ಐದು ಸಲನೂ?"

"ಐದು ಸಲನೂ."

"ಮಿಕ್ಕಿದ್ದು ಮೂರು. ಆಗ ಕೈಲಿತ್ತಾ?"

"ಇತ್ತು ಸಾಮಿ," ಎಂದು ಮುನಿನಾರಾಯಣಮ್ಮ ಮುಂದೆ ಬಂದಳು. "ಒಂದು ಸಲ ಕಾಡಂದಿಗೆ ಒಡೆದ್ರು. ಗುಂಡು ನೀರಿನ ಟ್ಯಾಂಕಿಗೆ ಬಿತ್ತು. ಅಂದಿ ತಲೆ ಎತ್ತಿ ನೋಡ್ಲಿಲ್ಲ. ಇನ್ನೊಂದು ಸಲ ಗುರಿ ಇಟ್ಟಿದ್ದು ನನ್ನ ತಮ್ಮ ಮುನೇಶನಿಗೆ. ಕಳ್ಳೇಕಾಯಿ ತಂದಿದ್ದ, ಪಾಪ."

"ಮೂರನೇದು?"

"ಓಡಿದ್ದು ಇವರೇ."

ಮುನಿರಾಜು ಲೇಖನಿ ಕೆಳಗಿಟ್ಟ. "ಕೈಲಿದ್ದಾಗ ಸೊನ್ನೆ. ಇಲ್ದೇ ಇದ್ದಾಗ ಐದು. ಲೆಕ್ಕ ನಂದಲ್ಲ ತಾತಾ, ನಿಂದೇ. ಲೈಸೆನ್ಸಿಗೆ ಶಿಫಾರಸು ಬರೀತೀನಿ. ಕೋವಿ ಮಾತ್ರ ಇಲ್ಲೇ ಇಡು. ಇಲ್ಲಿದ್ರೇನೇ ಅದು ಚೆನ್ನಾಗಿ ಕೆಲ್ಸ ಮಾಡ್ತದೆ."

ಬಚ್ಚಪ್ಪ ಮನಸ್ಸಿನಲ್ಲೇ ಕೂಡಿದ, ಕಳೆದ. ತಪ್ಪು ಸಿಗಲಿಲ್ಲ. ಸಹಿ ಹಾಕಿ, ಮೇಜಿನ ಮೇಲೆ ಬಾಗಿ ಪಿಸುಗುಟ್ಟಿದ:

"ಇಲ್ಲೈತೆ ಅಂತ ಊರಿಗೆ ಗೊತ್ತಾಗ್ಬಾರ್ದು ಸಾರ್. ಗೊತ್ತಾದ್ರೆ ಕೆಡ್ತದೆ."

ಮರಳುವ ಬಸ್ಸಿನಲ್ಲಿ ಪಕ್ಕದ ಮನೆಯ ಪಾಪಕ್ಕ ಎದುರಾದಳು. ಬಚ್ಚಪ್ಪನ ಬರಿಗೈ ನೋಡಿ, ಬಸ್ಸಿಗೆಲ್ಲ ಕೇಳುವಂತೆ ಕೇಳಿದಳು:

"ಕೋವಿ ಏನಾಯ್ತಕ್ಕಾ? ಕಿತ್ಕೊಂಡ್ರಾ?"

ಬಚ್ಚಪ್ಪ ಕಿಟಕಿಯ ಕಡೆ ತಿರುಗಿಕೊಂಡ. ಮೂವತ್ತೆಂಟು ವರ್ಷಗಳಲ್ಲಿ ಅವನ ಒಂದು ಮಾತನ್ನೂ ತಿದ್ದದೆ ಬಿಡದ ಮುನಿನಾರಾಯಣಮ್ಮ ಸೆರಗು ಸರಿಮಾಡಿಕೊಂಡಳು.

"ಕಿತ್ಕೊಳ್ಳೋಕೆ ಯಾರಿಗೈತೆ ಧೈರ್ಯ? ಬೆಳಿಗ್ಗೆ ಮನೇಲೇ ಗುಂಡು ತುಂಬಿಟ್ಟು ಬಂದೌರೆ. ಯಾರೂ ನಮ್ಮ ತೋಟದ ಕಡೆ ಬರಬ್ಯಾಡಿ ಅಂತೇಳು."